ಕಾಮಾಲೆಯ ಹಳದಿ ಮತ್ತು ಯಕೃತ್ತಿನ ಕಾವಲು

ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಕಣ್ಣು ಹಳದಿಯಾದವರಿಗೆ ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕುಡಿಸುವ ಪದ್ಧತಿ ಹಳೆಯದು. ಕುಡಿದವರಲ್ಲಿ ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವುದೂ ನಿಜ. ಆದರೆ ಕುಡಿಯದವರಲ್ಲೂ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಏಕೆಂದರೆ ಇಂತಹ ಕಾಮಾಲೆಗೆ ಹೆಚ್ಚಾಗಿ ಕಾರಣವಾಗುವ, ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳನ್ನು ಸಾಮಾನ್ಯವಾಗಿ ದೇಹವೇ ಹೊರಹಾಕುತ್ತದೆ. (ಗರ್ಭಿಣಿಯರ ಮಾತು ಬೇರೆ, ಇ ಮಾದರಿಯು ಅವರ ಪ್ರಾಣಕ್ಕೇ ಎರವಾಗಬಲ್ಲದು.) ಸೊಪ್ಪಿಗೆ ಸಂದ ಕೀರ್ತಿಯ ದೊಡ್ಡ ಪಾಲು ರೋಗನಿರೋಧಕ ಕೋಶಗಳಿಗೆ ಸಲ್ಲಬೇಕಾದದ್ದು.

ಆ ಕೋಶಗಳಲ್ಲಿ ಮೊದಲು ಕಾರ್ಯಪ್ರವೃತ್ತವಾಗುವ ಒಂದು ಬಗೆಯನ್ನು 1975ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಕೀಸ್ಲಿಂಗ್, ಕ್ಲೈನ್ ಮತ್ತು ವಿಗ್ಜೆಲ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಗುರುತಿಸಿದರು. ಅದೇ ಕಾಲಕ್ಕೆ ಅಮೆರಿಕದಲ್ಲಿ ಹರ್ಬರ್‌ಮನ್ ಕೂಡ ಇವನ್ನು ಕಂಡರು. ಪೂರ್ವಪರಿಚಯವಿಲ್ಲದೆಯೇ ರೋಗಗ್ರಸ್ತ ಕೋಶವನ್ನು ಕೊಲ್ಲುವ ಕಾರಣ ಇವುಗಳಿಗೆ ಸಹಜ ಮಾರಕ ಕೋಶಗಳು, ಅಂದರೆ ಎನ್‌ಕೆ ಕೋಶಗಳು ಎಂಬ ಹೆಸರು ಬಂದಿತು. ರಕ್ತದಲ್ಲಿನ ಲಿಂಫೋಸೈಟು ಎಂಬ ಬಿಳಿ ಕೋಶಗಳಲ್ಲಿ ಇವು ಸುಮಾರು ಹತ್ತನೇ ಒಂದು ಭಾಗವಿದ್ದರೆ, ಯಕೃತ್ತಿನಲ್ಲಿ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು. ಕರುಳಿನಿಂದ ಬರುವ ರಕ್ತವೆಲ್ಲ ಹಾಯುವ ಅಂಗಕ್ಕೆ ಇಂತಹ ಕಾವಲು ಅನಗತ್ಯವೇನಲ್ಲ. ದೇಹದ ಬಹುತೇಕ ಕೋಶಗಳು ತಮ್ಮ ಮೇಲ್ಮೈಯಲ್ಲಿ ಎಚ್‌ಎಲ್‌ಎ ಎಂಬ ಪ್ರೋಟೀನನ್ನು ಗುರುತಿನ ಚೀಟಿಯಂತೆ ಹೊತ್ತಿರುತ್ತವೆ. ರೋಗನಿರೋಧಕ ಕೋಶಗಳ ಇನ್ನೊಂದು ಬಗೆಯಾದ ಟಿ ಕೋಶಗಳಿಂದ ತಪ್ಪಿಸಿಕೊಳ್ಳಲು ಕೆಲವು ವೈರಸ್‌ಗಳು ಆ ಚೀಟಿಯನ್ನೇ ಮರೆಮಾಡುತ್ತವೆ. ಎನ್‌ಕೆ ಕೋಶಗಳು ಅದಿಲ್ಲದವನ್ನು ಹುಡುಕಿ, ಪರ್ಫೋರಿನ್ ಎಂಬ ಪ್ರೋಟೀನಿನಿಂದ ರಂಧ್ರ ಕೊರೆದು ಸಾಯಿಸುತ್ತವೆ. ಜೊತೆಗೆ ಅವು ಸ್ರವಿಸುವ ಇಂಟರ್‌ಫೆರಾನ್ ಗಾಮಾ, ಕೋಶವನ್ನು ಕೊಲ್ಲದೆಯೂ ವೈರಸ್‌ನ ವೃದ್ಧಿಯನ್ನು ತಡೆಯಬಲ್ಲದು.

ಹೆಪಟೈಟಿಸ್ ವೈರಸ್‌ಗಳು ಹೆಚ್ಚಾಗಿ ಯಕೃತ್ತಿನ ಕೋಶವನ್ನು ನೇರವಾಗಿ ನಾಶಮಾಡುವುದಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿ ತೋರಬಹುದು. ಸೋಂಕಿತ ಕೋಶಗಳನ್ನು ಕೊಲ್ಲುವುದು ಬಹುಮಟ್ಟಿಗೆ ದೇಹದ ಪಡೆಯೇ. ಕಾಮಾಲೆಯ ಹಳದಿ ಆ ಕಾಳಗದ ಗುರುತು. ಕಾಳಗ ಬೇಗ ಮುಗಿದರೆ ಲೇಸು. ಆದರೆ ಹೆಪಟೈಟಿಸ್ ಬಿ ಸೋಂಕು ದೀರ್ಘಕಾಲಿಕವಾದಾಗ ಇದೇ ಎನ್‌ಕೆ ಕೋಶಗಳು ಟ್ರೈಲ್ ಎಂಬ ಅಣುವಿನ ಮೂಲಕ ಯಕೃತ್ತಿನ ಕೋಶಗಳಿಗೇ ಹಾನಿಮಾಡುತ್ತವೆ.

ನೆಲನೆಲ್ಲಿಯನ್ನೂ ವಿಜ್ಞಾನ ಕಡೆಗಣಿಸಲಿಲ್ಲ: ಮದರಾಸಿನ ತ್ಯಾಗರಾಜನ್, ಬಿ ವೈರಸ್ಸನ್ನು ಕಂಡುಹಿಡಿದ ಬ್ಲಂಬರ್ಗ್ ಮುಂತಾದವರು 1988ರಲ್ಲಿ ಆಶಾದಾಯಕ ಫಲಿತಾಂಶವನ್ನು ಪ್ರಕಟಿಸಿದರು, ಆದರೆ ಬೇರೆಡೆ ನಡೆದ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಸೊಪ್ಪನ್ನು ನೆಚ್ಚುವಂತಿಲ್ಲದ ಕಾರಣ ಸೋಂಕನ್ನು ತಡೆಯುವುದೇ ಮುಖ್ಯ: ಬಿ ಸೋಂಕು ಹಸುಗೂಸಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತು ಪಾಲು ಜೀವನಪೂರ್ತಿ ಉಳಿಯುತ್ತದೆ, ವಯಸ್ಕರಲ್ಲಿ ನೂರಕ್ಕೆ ಐದರಷ್ಟೂ ಉಳಿಯುವುದಿಲ್ಲ. ಆದುದರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನು ಮಗು ಹುಟ್ಟಿದ 24 ಗಂಟೆಯೊಳಗೆ ಹಾಕಿಸುವುದನ್ನು ಪ್ರತಿ ಮನೆಯವರೂ ಮರೆಯದೆ ನೋಡಿಕೊಳ್ಳಬೇಕು.