ಏರು ಹತ್ತುವ ಗಾಡಿ

(ಹೈದರಾಬಾದಿನಲ್ಲಿ ನಮ್ಮ ಸಂಘದ ರಾತ್ರಿ ಶಾಲೆಯ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಹುಡುಗರು ಹಲಗೆಯ ಮೇಲೆ ಆಟದ ರೈಲಿನ ಹಳಿ ಹಾಸಿರುವುದನ್ನು ತಾವೆಲ್ಲ ನೋಡಿದ್ದೀರಿ. ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಾಗಿ ದಾಟಬೇಕೆಂಬುದು ಅವರ ಆಸೆ. ಎರಡು ಡಬ್ಬಿ ಕಟ್ಟಿದರೆ ಎಂಜಿನ್ನು ಏರುತ್ತದೆ. ನಾಲ್ಕು ಕಟ್ಟಿದರೆ ಚಕ್ರ ಗರಗರನೆ ತಿರುಗುತ್ತದೆ, ಗಾಡಿ ಮಾತ್ರ ಕದಲದು. "ಎಂಜಿನ್ನೇ ಸೋಮಾರಿ" ಎಂದು ಹಿಂದಿನಿಂದ ಯಾರೋ ಅಂದರು. ಹಾಗೆನ್ನುವ ಮೊದಲು ಏರಿನ ಲೆಕ್ಕವನ್ನು ನೋಡೋಣ.

ಹಾಸನ–ಮಂಗಳೂರು ದಾರಿ ನಮ್ಮಲ್ಲಿ ಅನೇಕರಿಗೆ ಊರ ದಾರಿ. 1979ರಲ್ಲಿ ಮೀಟರ್ ಗೇಜಾಗಿ ತೆರೆದ ಈ ಹಳಿಯನ್ನು 1996ರಲ್ಲಿ ಮುಚ್ಚಿ ಬ್ರಾಡ್ ಗೇಜ್ ಮಾಡಿದರು. 2006ರಲ್ಲಿ ಸರಕಿನ ಗಾಡಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡಿದವು. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ 55 ಕಿಲೋಮೀಟರು ಘಾಟಿ, 57 ಸುರಂಗ, 50ಕ್ಕೆ 1 ಏರು. ಅಂದರೆ 50 ಅಡಿ ಮುಂದೆ ಹೋದರೆ 1 ಅಡಿ ಮೇಲಕ್ಕೆ. ಕುಳೆಂನಿಂದ ಕ್ಯಾಸಲ್ ರಾಕಿಗೆ ಹತ್ತುವ ದೂಧಸಾಗರದ ಘಾಟಿ ಇನ್ನೂ ಕಡಿದು: 37ಕ್ಕೆ 1.

50ಕ್ಕೆ 1 ಎಂದರೆ ಎಷ್ಟರದು ಎನ್ನಬೇಡಿ. ಆ ಏರಿನಲ್ಲಿ ಪ್ರತಿ ಟನ್ ಭಾರಕ್ಕೆ 20 ಕಿಲೋ ಹೆಚ್ಚಿನ ಎಳೆತ ಬೇಕು. ಸಾವಿರ ಟನ್ನಿನ ಸರಕು ಗಾಡಿಗೆ ಏರಿನ ಲೆಕ್ಕದಲ್ಲೇ 20 ಟನ್. ಎಂಜಿನ್ನಿಗೆ ಶಕ್ತಿಯಿದ್ದರೆ ಸಾಲದು, ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಸಿಗಬೇಕು. ಚಕ್ರದ ಮೇಲಿರುವ ಭಾರದ ಒಂದು ಪಾಲಿನಷ್ಟೇ ಎಂಜಿನ್ನು ಎಳೆಯಬಲ್ಲದು. ಮಳೆ ಬಿದ್ದರೆ ಅದೂ ಇಳಿಯುತ್ತದೆ. ಆದುದರಿಂದಲೇ ಚಕ್ರದಡಿಗೆ ಮರಳು ಬಿಡುತ್ತಾರೆ. ಭಾರದ ಗಾಡಿಯಾದರೆ ಹಿಂದಿನಿಂದ ತಳ್ಳಲು ಮತ್ತೆ ಎಂಜಿನ್ನು ಸೇರಿಸುತ್ತಾರೆ. ಅದಕ್ಕೆ 'ಬ್ಯಾಂಕರ್' ಎಂದು ಹೆಸರು. ಇದು ಬಡ್ಡಿ ಕೇಳುವ ಬ್ಯಾಂಕರ್ ಅಲ್ಲ! ಹಿಂದಿನಿಂದ ತಳ್ಳಿದರೆ ಡಬ್ಬಿಗಳ ನಡುವಿನ ಕೊಂಡಿಗೆ ಎಳೆತ ಕಡಿಮೆ. ಎಲ್ಲಾದರೂ ಕೊಂಡಿ ತುಂಡಾದರೂ ಹಿಂದಿನ ಡಬ್ಬಿಗಳು ಕೆಳಕ್ಕೆ ಜಾರದಂತೆ ತಡೆಯಲು ಒಬ್ಬನಿರುತ್ತಾನೆ.

ಈಗ ಹುಡುಗರ ಹಲಗೆಗೆ ಬರೋಣ. ಮೇಲಿನ ಹಳಿ ಕೆಳಗಿನ ಗಾಡಿಯನ್ನು ದಾಟಲು 8 ಸೆಂಟಿಮೀಟರು ಎತ್ತರ ಬೇಕಾಗಿದೆ. ಏರಿಗೆ ಸಿಕ್ಕ ಜಾಗ 2 ಮೀಟರು. ಅಂದರೆ 25ಕ್ಕೆ 1! ಘಾಟಿಯ ಏರಿಗಿಂತ ಎರಡರಷ್ಟು. ಹೀಗಿರುವಾಗ ಸೋಮಾರಿತನ ಯಾರದು?

ಉಪಾಯವಿದೆ. ಮೊದಲು ಹಳಿಯನ್ನೆಲ್ಲ 4 ಸೆಂಟಿಮೀಟರು ಎತ್ತರದ ಮರದ ತುಂಡುಗಳ ಮೇಲೆ ಕೂರಿಸಿರಿ. ಆಮೇಲೆ ಮೇಲಿನ ದಾರಿಯನ್ನು 4 ಏರಿಸಿ, ಕೆಳಗಿನದನ್ನು 4 ಇಳಿಸಿರಿ. ಎತ್ತರ ಅದೇ 8, ಏರು ಮಾತ್ರ 50ಕ್ಕೆ 1. ಏರು ಶುರುವಾಗುವಲ್ಲಿ, ಮುಗಿಯುವಲ್ಲಿ ಹಳಿ ಥಟ್ಟನೆ ಮುರಿಯದೆ ಮೆಲ್ಲಗೆ ಬಾಗಲಿ. ಏರಿನಲ್ಲಿ ಬಿಗಿಯಾದ ತಿರುವು ಬೇಡ, ತಿರುವೂ ಒಂದು ಹೊರೆಯೇ. ಹಳಿಯ ಎಣ್ಣೆ ಜಿಡ್ಡು ಒರೆಸಿರಿ. ಎಂಜಿನ್ನಿನ ಚಕ್ರಗಳ ಮೇಲೆ ಸರಿಯಾಗಿ ಕೂರುವಂತೆ ಸ್ವಲ್ಪ ಸೀಸದ ಭಾರ ಇಡಿರಿ. ಹಿಂದೆ ಇನ್ನೊಂದು ಎಂಜಿನ್ನು ಸೇರಿಸುವುದಾದರೆ ಎರಡರ ವೇಗವೂ ಒಂದೇ ಇರಲಿ. ಹಿಂದಿನದು ಅವಸರಪಟ್ಟರೆ ನಡುವಿನ ಹಗುರ ಡಬ್ಬಿ ಹಳಿ ತಪ್ಪುತ್ತದೆ.

ಬಂಧುಗಳೇ, ಈ ಲೆಕ್ಕ ಹೇಳಿದ್ದು ಆಟಕ್ಕಾಗಿ ಮಾತ್ರವಲ್ಲ. ಜೂನಿನಲ್ಲಿ ತುಂಬಿದ್ದ ನಮ್ಮ ರಾತ್ರಿ ಶಾಲೆಯ ಬೆಂಚುಗಳು ದಸರೆಯ ಹೊತ್ತಿಗೆ ಖಾಲಿಯಾಗುತ್ತವೆ. ಆಗ ನಾವು "ಹುಡುಗರಿಗೆ ಆಸಕ್ತಿಯಿಲ್ಲ" ಎನ್ನುತ್ತೇವೆ. ಹದಿನೆಂಟು ಇಪ್ಪತ್ತರ ಹುಡುಗ ಬೆಳಗಿನ ನಾಲ್ಕಕ್ಕೆದ್ದು ಹಿಟ್ಟು ರುಬ್ಬಿ, ರಾತ್ರಿ ಹತ್ತಕ್ಕೆ ಲೋಟ ತೊಳೆದು, ಆಮೇಲೆ ಪುಸ್ತಕ ಹಿಡಿಯಬೇಕೆಂದರೆ ಅದು ಎಷ್ಟಕ್ಕೆ 1 ಏರು? ಮಿಲ್ಲಿನ ಪಾಳಿ ವಾರವಾರಕ್ಕೆ ಬದಲಾಗುವವನ ಪಾಡೇನು? ಅಕ್ಷರ ಬಾರದೆ ಹೋದರೆ ಅವನು ಸಂಬಳದ ಚೀಟಿ ಓದಲಾರ, ಪಿ.ಎಫ್. ಕಟ್ಟಿದ್ದಾರೆಯೇ ಎಂದು ಕೇಳಲಾರ, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾನೆ.

ಆದುದರಿಂದ ನಾವು ಈ ಸಭೆಯ ಮುಂದೆ ಮೂರು ಮಾತು ಇಡುತ್ತೇವೆ. ಒಂದು, ಪಾಳಿಗೆ ತಕ್ಕಂತೆ ಬೆಳಿಗ್ಗೆ ಒಂದು, ರಾತ್ರಿ ಒಂದು ತರಗತಿ. ಎರಡು, ವಾರಕ್ಕೆರಡು ಸಂಜೆ ಕಲಿಯುವ ಹುಡುಗನನ್ನು ಎಂಟಕ್ಕೆ ಬಿಡುವಂತೆ ಹೋಟೆಲ್ ಮಾಲೀಕರನ್ನು ಸಂಘದ ಪರವಾಗಿ ಹೋಗಿ ಕೇಳುವುದು. ಆ ಹೊತ್ತಿನ ಟೇಬಲ್ಲು ಜೊತೆಯವರು ನೋಡಿಕೊಳ್ಳಬೇಕು. ಮೂರು, ಓದು ಬಲ್ಲ ಹಿರಿಯನೊಬ್ಬ ಒಬ್ಬೊಬ್ಬ ಹುಡುಗನ ಹಿಂದೆ ಬ್ಯಾಂಕರಾಗಿ ನಿಲ್ಲುವುದು. ಅವಸರ ಬೇಡ, ಗದರಿಕೆ ಬೇಡ, ಅವನ ವೇಗವೇ ನಮ್ಮ ವೇಗ.

ಹೆಸರು ಬರೆಸುವವರಿಗಾಗಿ ಕಾರ್ಯದರ್ಶಿಗಳು ಪುಸ್ತಕ ತೆರೆದು ಕುಳಿತಿದ್ದಾರೆ. ಮಾತು ಮುಗಿಸುತ್ತೇವೆ, ತಾವು ಅತ್ತ ದಯಮಾಡಿಸಿರಿ.