ಕೊನೆಯ ಸರದಿಯ ಹಾಡು

ಶಾಲೆಗಳ ವಾರ್ಷಿಕೋತ್ಸವದ ಸಂಗೀತಸಭೆ ಕಿಕ್ಕಿರಿದು ತೊಡಗಿ, ಬರಬರುತ್ತ ಬರಿದಾಗುವುದನ್ನು ಕೇಳುಗರಾದ ತಾವೂ ಬಲ್ಲಿರಿ. ತಮ್ಮ ಮಗುವಿನ ಹಾಡು ಮುಗಿದೊಡನೆ ತಂದೆತಾಯಿಗಳು ಎದ್ದು ನಡೆಯುತ್ತಾರೆ. ಕೊನೆಯ ಸರದಿಯ ಬಾಲಕಿ ಖಾಲಿ ಕುರ್ಚಿಗಳೆದುರು ಹಾಡಬೇಕಾಗುತ್ತದೆ. ಇದರ ಬೇರು ದೊಡ್ಡವರ ಕಚೇರಿಗಳಲ್ಲೇ ಉಂಟು. ತನಿ ಆವರ್ತನ ತೊಡಗಿತೆಂದರೆ ಕಾಫಿಗೆಂದು ಏಳುವ ರಸಿಕರನ್ನು ನಾವು ಕಂಡಿಲ್ಲವೆ? ಮೃದಂಗದ ವಿದ್ವಾಂಸರು ಸಹಿಸಿಯಾರು. ಹತ್ತು ವರ್ಷದ ಮಗು ಹೇಗೆ ಸಹಿಸೀತು?

ಹಾಡುವ ಮಗುವಿಗೆ ಶ್ರುತಿಯೊಂದೇ ಆಧಾರ. ಪಿಸುಮಾತು, ಕುರ್ಚಿ ಎಳೆಯುವ ಸದ್ದು, ಮೊಬೈಲಿನ ಗಂಟೆ ಅದನ್ನು ಮುಚ್ಚಿಬಿಟ್ಟರೆ ಷಡ್ಜವೇ ತಪ್ಪುತ್ತದೆ. ಅಪಸ್ವರಕ್ಕೆ ನಗುವವರೂ ಆ ಸದ್ದು ಮಾಡಿದವರೇ! ಅನುಪಲ್ಲವಿಯಿಂದ ಪಲ್ಲವಿಗೆ ಮರಳಿ ಮಗು ಕ್ಷಣಕಾಲ ನಿಂತಾಗ ಚಪ್ಪಾಳೆ ತಟ್ಟುವುದೂ ಸಲ್ಲದು. ಸಭೆಗೆ ಇಷ್ಟೇ ಸಾಕೆಂದು ತಿಳಿದು, ಚರಣವನ್ನು ಬಿಟ್ಟು ಕೈಮುಗಿದು ಇಳಿದುಬಿಡುವ ಮಕ್ಕಳುಂಟು.

1977ರಲ್ಲಿ ಮೊದಲಾದ ಸ್ಪಿಕ್ ಮೆಕೆ ಸಂಸ್ಥೆಯು ವಿದ್ವಾಂಸರನ್ನು ಶಾಲೆಗಳಿಗೇ ಕರೆತಂದು ಮಕ್ಕಳಿಗೆ ಕೇಳುವುದನ್ನು ಕಲಿಸುತ್ತಿದೆ. ತಂದೆತಾಯಿಗಳಿಗೆ ಕಲಿಸುವ ಸಂಸ್ಥೆ ಇನ್ನೂ ಹುಟ್ಟಬೇಕು! ಎಲ್ಲ ಮಕ್ಕಳ ಸಮೂಹಗಾನವನ್ನು ಕೊನೆಗಿಟ್ಟು ಜನರನ್ನು ಕೂರಿಸುವ ಉಪಾಯವೊಂದುಂಟು. ಜಾಣತನವೇ ಸರಿ, ಆದರೆ ಹಾಗೆ ಕುಳಿತವರು ಕೇಳಿಯಾರೆಂಬ ನಂಬಿಕೆ ನನಗಿಲ್ಲ. ಹಾಡಿ ಇಳಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉಳಿದ ಮಕ್ಕಳ ಹಾಡನ್ನೂ ಅದಕ್ಕೆ ಕೇಳಿಸಿರಿ. ಅರ್ಧ ಗಂಟೆಯ ಮಾತು, ಅಷ್ಟೆ.