ಹಳೆಯ ಹಂಚಿನ ಮನೆಗಳೂ ಭೂಕಂಪನವೂ

(ಕಲ್ಲುಗುಂಡಿಯಲ್ಲಿ ರೈತರನ್ನುದ್ದೇಶಿಸಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನು ತೋಟ ಬಿಟ್ಟು ಮನೆಯ ಗೋಡೆಯ ವಿಷಯ ಎತ್ತುವುದೇಕೆಂದು ನೀವು ಕೇಳಬಹುದು. ವರ್ಷದ ಅಡಿಕೆಯೆಲ್ಲ ಇರುವುದು ಆ ಗೋಡೆ ಹೊತ್ತ ಅಟ್ಟದಲ್ಲಿಯೇ ಅಲ್ಲವೇ?

2022 ರ ಜೂನ್ ಕೊನೆಯಲ್ಲಿ ಕಲ್ಲುಗುಂಡಿ, ಸಂಪಾಜೆ, ಚೆಂಬು ಕಡೆ ನೆಲ ಹಲವು ಸಲ ನಡುಗಿದ್ದು ನಿಮಗೆ ನೆನಪಿರಬಹುದು. ಜೂನ್ 28 ರ ಬೆಳಗಿನ ಕಂಪನದ ಪ್ರಮಾಣ 3.0. ಇದು ಸಣ್ಣದೇ. ಪ್ರಮಾಣದಲ್ಲಿ ಒಂದಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. 1993 ರ ಸೆಪ್ಟೆಂಬರ್ 30 ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದದ್ದು 6 ಕ್ಕೂ ಮೇಲಿನದು. ಆದರೂ ಇಲ್ಲಿ ಕೆಲವು ಗೋಡೆಗಳು ಬಿರುಕು ಬಿಟ್ಟವು. ಭಾರತೀಯ ಮಾನಕ ಸಂಸ್ಥೆಯ 2002 ರ ನಕ್ಷೆಯಲ್ಲಿ ನಮ್ಮ ಕರಾವಳಿ ಮೂರನೆಯ ವಲಯದಲ್ಲಿತ್ತು. ಅಂದರೆ ಮಧ್ಯಮ ಅಪಾಯದ ಪ್ರದೇಶ.

ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಮಣ್ಣು ಹೇರಿದ ಮಾಳಿಗೆ. ನಮ್ಮ ಹಂಚಿನ ಮಾಡು ಅಷ್ಟು ಭಾರದ್ದಲ್ಲ. ಆದರೆ ಗೋಡೆಗೂ ಗೋಡೆಗೂ ಬಿಗಿಯಾದ ಕಟ್ಟಿಲ್ಲದ ದೋಷ ನಮ್ಮ ಹಳೆಯ ಮುರಕಲ್ಲಿನ ಮನೆಗಳಲ್ಲೂ ಇದೆ. ನೆಲ ನಡುಗಿದಾಗ ಪ್ರತಿ ಗೋಡೆಯೂ ತನ್ನಷ್ಟಕ್ಕೆ ತೂಗಾಡಿ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ.

ಆದ್ದರಿಂದ ಮೊದಲು ಮೂಲೆಗಳನ್ನು ನೋಡಿರಿ. ಸಾರಣೆಯಲ್ಲಿ ಮಾತ್ರ ಇರುವ ಕೂದಲೆಳೆಯ ಗೆರೆಗೆ ಹೆದರಬೇಕಾಗಿಲ್ಲ. ಮೂಲೆಯಲ್ಲಿ ನೆಟ್ಟಗೆ ನಿಂತು, ಮೇಲೆ ಹೋದಂತೆ ಅಗಲವಾಗುವ ಬಿರುಕು ಗೋಡೆಗಳು ಬೇರೆಯಾಗುತ್ತಿರುವುದರ ಗುರುತು. ಮಗನ ಮದುವೆಗೆಂದು ಆಮೇಲೆ ಸೇರಿಸಿದ ಕೋಣೆಯ ಗೋಡೆ ಹಳೆಯದಕ್ಕೆ ಬರೇ ತಾಗಿ ನಿಂತಿರುವುದೂ ಉಂಟು. ತೂಗುಗುಂಡು ಇಳಿಬಿಟ್ಟು ಗೋಡೆ ಹೊರಕ್ಕೆ ವಾಲಿದೆಯೇ ಎಂದು ಪರೀಕ್ಷಿಸಿರಿ. ಅಡ್ಡ ತೊಲೆ ಇಲ್ಲದಿದ್ದರೆ, ಅಥವಾ ಗೆದ್ದಲು ತಿಂದಿದ್ದರೆ, ಪಕ್ಕಾಸುಗಳು ಗೋಡೆಯನ್ನು ಹೊರಕ್ಕೆ ದೂಡುತ್ತಿರುತ್ತವೆ. ಮಾಡಿನ ತುದಿಯ ತ್ರಿಕೋನ ಗೋಡೆ ಸಾಮಾನ್ಯವಾಗಿ ಮೊದಲು ಬೀಳುವಂಥದು.

ಬಿರುಕಿಗೆ ಸಿಮೆಂಟು ತುಂಬಿ ಸುಣ್ಣ ಹೊಡೆದರೆ ಕಣ್ಣಿಗೆ ಸಮಾಧಾನ, ಅಷ್ಟೇ. ಗೋಡೆಗೆ ಬೇಕಾದದ್ದು ನಡುಕಟ್ಟು. ಬಾಗಿಲು ಕಿಟಕಿಗಳ ಮೇಲ್ಗಡೆ ಸುತ್ತಲೂ ಸುಮಾರು ಒಂದಡಿ ಅಗಲಕ್ಕೆ ಸಾರಣೆ ಕೆತ್ತಿ, ಸಂದುಗಳ ಸಡಿಲು ಗಾರೆ ತೆಗೆದು, ಬೆಸುಗೆಯ ತಂತಿ ಬಲೆಯನ್ನು ಒಳಗೂ ಹೊರಗೂ ಮೊಳೆಯಿಂದ ಕೂಡಿಸಬೇಕು. ಎರಡು ಬಲೆಗಳನ್ನೂ ಗೋಡೆ ತೂರಿಸಿದ ತಂತಿಯಿಂದ ಬಿಗಿದು, ಒಂದಕ್ಕೆ ಮೂರರ ಸಿಮೆಂಟು ಗಾರೆ ಮೆತ್ತಿ, ಎರಡು ವಾರ ನೀರುಣಿಸಬೇಕು. ಪಟ್ಟಿ ಮೂಲೆಯಲ್ಲಿ ತುಂಡಾಗಬಾರದು. ಮೇಸ್ತ್ರಿಗಳು ತಪ್ಪುವುದು ಇಲ್ಲಿಯೇ. ಮಾಡಿನ ಕೆಳಗೂ, ತ್ರಿಕೋನ ಗೋಡೆಗೂ ಇಂಥದೇ ಪಟ್ಟಿ ಹಾಕುವುದು ಒಳ್ಳೆಯದು. ಬರೇ ಮಣ್ಣಿನ ಗೋಡೆಗೆ ಸಿಮೆಂಟು ಸರಿಯಾಗಿ ಹಿಡಿಯದು. ಅಲ್ಲಿ ಗೋಡೆಯ ತಲೆಯ ಮೇಲೆ ಸುತ್ತಲೂ ಮರದ ಪಟ್ಟಿ ಕೂರಿಸಿ, ಪಕ್ಕಾಸುಗಳನ್ನು ಅದಕ್ಕೆ ಬಿಗಿಯಿರಿ.

ಇನ್ನು ಅಟ್ಟ. ಚೀಲಕ್ಕೆ 65 ಕಿಲೋ ಹಿಡಿದರೂ ಇಪ್ಪತ್ತು ಚೀಲಕ್ಕೆ 1,300 ಕಿಲೋ ಆಯಿತು. ಧಾರಣೆ ಏರಲೆಂದು ಕಾಯುವವರು ಈ ಭಾರವನ್ನು ಮಲಗುವ ಕೋಣೆಯ ನೆತ್ತಿಯ ಮೇಲೆ ಇಡಬೇಡಿರಿ. ನೆಲಮಟ್ಟದ ಒಣ ಉಗ್ರಾಣಕ್ಕೆ ಸಾಗಿಸಿರಿ.

ಗುಡ್ಡ ಕಡಿದ ಬರೆಯ ಬುಡದಲ್ಲಿರುವ ಮನೆಯ ಮಾತು ಬೇರೆ. ಬರೆಯೇ ಜರಿದರೆ ನಡುಕಟ್ಟು ಕಾಯಲಾರದು. ಅಂಥವರು ಗೋಡೆಗೆ ಹಣ ಹಾಕುವ ಮೊದಲು ಇಂಜಿನಿಯರನ್ನು ಕರೆದು ಬರೆಯನ್ನು ತೋರಿಸತಕ್ಕದ್ದು. ಪಂಚಾಂಗಕ್ಕೆ ಮಳೆನೀರು ಇಂಗದಂತೆ ಕಣಿ ತೋಡುವ ಕೆಲಸವನ್ನಂತೂ ಎಲ್ಲರೂ ಮಾಡಬಹುದು.

ಕೆಲಸಕ್ಕೆ ಜನವರಿಯಿಂದ ಏಪ್ರಿಲ್‌ವರೆಗೆ ಅನುಕೂಲ. ಅಲ್ಲಿಯ ತನಕ ಸಂಶಯದ ಬಿರುಕಿಗೆ ಅಡ್ಡಲಾಗಿ ತೆಳ್ಳಗೆ ಸಿಮೆಂಟು ಮೆತ್ತಿ, ತಾರೀಕು ಬರೆದಿಡಿರಿ. ಅದು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಆ ಕೋಣೆಯಲ್ಲಿ ಮಲಗಬೇಡಿರಿ.